ಸಬ್ಬಸಿಗೆ ಸೊಪ್ಪೂ ನಮ್ಮ ಮನೆ ಕಾರೂ

ನಮ್ಮ ಮನೆಯಲ್ಲಿ ಸಬ್ಬಸಿಗೆ ಬಿತ್ತಿದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಮೆಂತ್ಯ ಹಾಕಿದರೆ ಏನೂ ಆಗಲ್ಲ. ದಂಟು, ಪಾಲಕ್ಕು ತೆಪ್ಪಗೆ ಬೆಳೆದು ತೆಪ್ಪಗೆ ಸಾರಾಗುತ್ತವೆ. ಈ ಸಬ್ಬಸಿಗೆ ಮಾತ್ರ ಇಡೀ ಬೀದಿಗೆ ಸುದ್ದಿಯಾಗದೆ ಒಂದು ಸಲವೂ ಬೆಳೆದದ್ದಿಲ್ಲ. ನೋಡೋಕೆ ನೂಲಿನಂಥ ಎಲೆ, ಊದಿದರೆ ಮಲಗುತ್ತೆ. ಅದು ಮಾಡಿರೋ ಕೆಲಸ ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಜುಂ ಅನ್ನುತ್ತೆ.

ನಮ್ಮದು ಯಲಹಂಕದ ಹೊರಗೆ ಒಂದು ಥರ್ಟಿ ಫಾರ್ಟಿ ಸೈಟು. ಏರ್‌ಪೋರ್ಟ್ ಶುರುವಾಗಿ ಒಂದೆರಡು ವರ್ಷಕ್ಕೆ ಕಟ್ಟಿಸಿದ ಮನೆ. ಗೇಟಿನಿಂದ ಸಂಪಿನವರೆಗೆ ಎರಡು ಮಂಚ ಹಾಕುವಷ್ಟು ಮಣ್ಣು ಉಳಿದಿತ್ತು. ಆ ಮಣ್ಣಿನ ಮೇಲೆ ಇಬ್ಬರ ಕಣ್ಣು. ಒಬ್ಬರು ನನ್ನ ಅತ್ತೆ, ಚಿಕ್ಕಜಾಲದ ಕಡೆಯವರು, ಅಲ್ಲಿ ಸೊಪ್ಪು ಬೆಳೆಯಬೇಕು ಅಂತ. ಇನ್ನೊಬ್ಬರು ಅವರ ಮಗ, ಅಂದರೆ ನನ್ನ ಯಜಮಾನರು, ಅಲ್ಲಿ ಕಾಂಕ್ರೀಟ್ ಹಾಕಿಸಿ ಕಾರು ನಿಲ್ಲಿಸಬೇಕು ಅಂತ. ಕಾರು ಇನ್ನೂ ಬಂದಿರಲಿಲ್ಲ, ಜಗಳ ಮಾತ್ರ ಗೃಹಪ್ರವೇಶದ ದಿನವೇ ಬಂದಿತ್ತು.

ಜೊತೆಗೆ ನಮ್ಮ ಯಜಮಾನರಿಗೆ ಸಬ್ಬಸಿಗೆ ವಾಸನೆ ಅಂದರೆ ಆಗೋದೇ ಇಲ್ಲ. ಯಶವಂತಪುರ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ದಿನವಿಡೀ ಮೀನಿನ ಬುಟ್ಟಿಗಳ ಮಧ್ಯೆ ಕೂತು, ಅಲ್ಲೇ ಮೊಸರನ್ನದ ಡಬ್ಬಿ ಬಿಚ್ಚಿ ಊಟ ಮಾಡೋ ಮನುಷ್ಯ! ಮನೆಗೆ ಬಂದು ಸಬ್ಬಸಿಗೆ ಕಂಡರೆ ಮೂಗಿಗೆ ಕರ್ಚೀಫು.

೧. ಸ್ಕೇಲು ಹಿಡಿದು ಬೆಳೆದದ್ದು

ನಾನು ಏಳನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುವ ಟೀಚರು. ಮೊದಲ ಬೆಳೆ ನಾನೇ ತೆಗೀತೀನಿ ಅಂತ ಹಟ ಹಿಡಿದೆ. ಟ್ರೇಯಲ್ಲಿ ಮಣ್ಣು ಜರಡಿ ಹಿಡಿದು, ಬೀಜ ಒಂದೊಂದಾಗಿ ಇಟ್ಟು ಮೊಳಕೆ ಬರಿಸಿದೆ. ಬೆರಳುದ್ದ ಆದ ಮೇಲೆ ಸ್ಕೂಲಿನ ಸ್ಕೇಲು ತಂದು, ಅರ್ಧ ಅಡಿಗೊಂದರಂತೆ ಗೆರೆ ಎಳೆದು, ಭಾನುವಾರ ಪೂರ್ತಿ ಬಗ್ಗಿ ನೆಟ್ಟೆ. ಸಂಜೆ ನೋಡಿದರೆ ಅಸೆಂಬ್ಲಿಯಲ್ಲಿ ನಿಂತ ಮಕ್ಕಳ ಹಾಗೆ ಸಾಲು. ನನಗೇ ನನ್ನ ಬೆನ್ನು ತಟ್ಟಿಕೊಳ್ಳಬೇಕು ಅನ್ನಿಸ್ತು. ತಟ್ಟೋಕೆ ಬೆನ್ನು ನೆಟ್ಟಗೆ ಆಗ್ತಾ ಇರಲಿಲ್ಲ, ಅದು ಬೇರೆ.

ಬೆಳಗ್ಗೆ ಎದ್ದರೆ ಅಷ್ಟೂ ಗಿಡ ಮಲಗಿದ್ದವು. ಒಂದಾದರೂ ನಿಂತಿರಬೇಡವೇ! ಅದರ ಬೇರು ನೇರ ಕೆಳಗಿಳಿಯುತ್ತೆ, ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತೆ ಅನ್ನೋದು ನನಗೆ ಆಮೇಲೆ ಗೊತ್ತಾಯಿತು.

ಅತ್ತೆ ಪೊಟ್ಟಣದಲ್ಲಿ ಉಳಿದ ಬೀಜವನ್ನು ಒಂದು ಹಿಡಿ ಮರಳಿಗೆ ಬೆರೆಸಿಕೊಂಡು ಹೊರಗೆ ಬಂದರು. ಎದುರು ಮನೆಯವರು ಗೇಟಿನ ಹತ್ತಿರ ನಿಂತು ಯಾರದೋ ಮದುವೆ ಊಟದ ಸುದ್ದಿ ಹೇಳುತ್ತಿದ್ದರು. ಅತ್ತೆ ಅವರ ಮುಖ ನೋಡಿಕೊಂಡೇ, "ಪಾಯಸಕ್ಕೆ ಏನಾಕಿದ್ರಂತೆ?" ಅಂತ ಕೇಳುತ್ತಲೇ, ಮಣ್ಣಿನ ಕಡೆ ಕಣ್ಣೂ ಹಾಯಿಸದೆ ಬೀಜ ಎರಚಿ, ಕೈ ಕೊಡವಿ ಒಳಗೆ ಹೋದರು.

ಹತ್ತು ದಿನಕ್ಕೆ ಹಸಿರು ಜಮಖಾನ ಹಾಸಿದ ಹಾಗೆ ಎದ್ದಿತು. ಒಂದು ಕಡೆ ಒತ್ತಾಗಿಲ್ಲ, ಒಂದು ಕಡೆ ಬೋಳಾಗಿಲ್ಲ. ನಾನು ಬಾಯಿ ತೆರೆದು ನಿಂತೆ. "ಅತ್ತೆ, ನೀವು ನೋಡಲೇ ಇಲ್ವಲ್ಲ, ಇಷ್ಟು ಸಮ ಹೆಂಗೆ ಬಂತು?"

"ನೋಡ್ಕೊಂಡು ಎರಚುದ್ರೆ ಕೈ ಎದುರ್ಕೊತದೆ ಕಣವ್ವ," ಅಂದರು. ಆಮೇಲೆ ಏನೋ ನೆನಪಾದ ಹಾಗೆ, "ಅಲ್ಲ, ಇಸ್ಕೂಲಲ್ಲಿ ಏನ್ ಪಾಟ ಏಳ್ಕೊಡ್ತೀಯ ನೀನು?"

"ಈಗ ಬೀಜ ಮೊಳಕೆಯೊಡೆಯೋ ಪಾಠ ನಡೀತಿದೆ."

ಅತ್ತೆ ನನ್ನನ್ನು ತುಂಬ ಹೊತ್ತು ನೋಡಿ, "ಪಾಪ, ಮಕ್ಳು," ಅಂದರು.

೨. ಖಾಲಿ ಡಬ್ಬಿ ವಾಪಸ್ ಕೊಡಬಾರದು

ಎರಡು ಮಂಚದಗಲ ಮಣ್ಣಿನಲ್ಲಿ ಅಷ್ಟು ಸೊಪ್ಪು ಹೇಗೆ ಬರುತ್ತೆ ಅಂತ ನನಗೆ ಲೆಕ್ಕ ಸಿಕ್ಕಿಲ್ಲ. ಅತ್ತೆ ಬುಡ ಬಿಟ್ಟು ಕೊಯ್ಯುತ್ತಿದ್ದರು, ವಾರಕ್ಕೆ ಮತ್ತೆ ಚಿಗುರಿ ನಿಲ್ಲುತ್ತಿತ್ತು. ನಾನು ತಿಂದು ಸಾಕಾಗಿದ್ದೆ, ಯಜಮಾನರು ಮುಟ್ಟುತ್ತಿರಲಿಲ್ಲ. ಒಂದು ಭಾನುವಾರ ಬೆಳಗ್ಗೆ ಅತ್ತೆ ನಾಲ್ಕು ಡಬ್ಬಿಗೆ ಸೊಪ್ಪು ಒತ್ತಿ ತುಂಬಿ ಅಕ್ಕಪಕ್ಕದ ನಾಲ್ಕು ಮನೆಗೆ ಕಳಿಸಿದರು.

ಕೊಟ್ಟ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು ಅನ್ನೋದು ನಮ್ಮ ಬೀದಿಯ ನಿಯಮ. ಒಂದು ಚಮಚ ಸಕ್ಕರೆಯಾದರೂ ಹಾಕಿಯೇ ಕೊಡಬೇಕು.

ಮಧ್ಯಾಹ್ನ ಯಜಮಾನರು ಭಾನುವಾರದ ಡ್ಯೂಟಿ ಮುಗಿಸಿ ಹಸಿದು ಬಂದರು. ಮೇಜಿನ ಮೇಲೆ ನಾಲ್ಕು ಡಬ್ಬಿ ಕಂಡು ಮುಖ ಅರಳಿತು. ಮೊದಲನೆಯದು ತೆರೆದರು, ಸಬ್ಬಸಿಗೆ ವಡೆ. ಎರಡನೆಯದು ಅವರೆಕಾಳಿನ ಅಕ್ಕಿ ರೊಟ್ಟಿ, ಮೈತುಂಬ ಸಬ್ಬಸಿಗೆ. ಮೂರನೆಯದು ಸಬ್ಬಸಿಗೆ ಪಪ್ಪು, ಅಂದರೆ ತೊವ್ವೆ. ನಾಲ್ಕನೆಯದು ಪಕ್ಕದ ಮನೆ ಆಪಾ ಕಳಿಸಿದ್ದು. ಅವರದು ಮನೆಯಲ್ಲಿ ಉರ್ದು ಮಾತಾಡುವ ಸಂಸಾರ, ಕೈ ಅಂದರೆ ಅಂಥ ಕೈ. ಮುಚ್ಚಳದ ಸಂದಿಯಿಂದಲೇ ಕೀಮಾ ಘಮ ಬರುತ್ತಿತ್ತು. "ಅಬ್ಬಾ, ಇದೊಂದಾದ್ರೂ ಉಳೀತಪ್ಪ!" ಅಂತ ತೆರೆದರು. ಕೀಮಾ ಇತ್ತು, ಹೌದು. ಹುಡುಕಿದರೆ ಸಿಗುವಷ್ಟು ಇತ್ತು. ಮಿಕ್ಕಿದ್ದೆಲ್ಲ ಸಬ್ಬಸಿಗೆ.

"ಬೆಳಗ್ಗೆ ಈ ದರಿದ್ರ ಸೊಪ್ಪು ಗೇಟು ದಾಟ್ತು ಅಂತ ಖುಷಿಯಾಗಿದ್ದೆ ಕಣೇ. ಮಧ್ಯಾಹ್ನಕ್ಕೆ ವೇಷ ಹಾಕ್ಕೊಂಡು ವಾಪಸ್ ಬಂದಿದೆ," ಅಂದು ಉಪ್ಪಿನಕಾಯಿ ಜೊತೆ ಅನ್ನ ಕಲೆಸಿಕೊಂಡರು. "ಮುಂದಿನ ತಿಂಗಳು ಕಾಂಕ್ರೀಟ್ ಗ್ಯಾರಂಟಿ!"

ನಮ್ಮದೂ ನಿಯಮ ಪಾಲಿಸುವ ಮನೆಯೇ. ಆಪಾ ಕೀಮಾ ಹಾಕಿ ಕಳಿಸಿದ್ದು ನಮ್ಮ ಡಬ್ಬಿಯಲ್ಲಲ್ಲ, ತಮ್ಮ ಊಟದ ಕ್ಯಾರಿಯರಿನಲ್ಲಿ. ಅದನ್ನೀಗ ನಾವು ಖಾಲಿ ಕೊಡುವ ಹಾಗಿಲ್ಲ. ವಾರ ಕಳೆದು ಚಿಗುರು ಎದ್ದ ಮೇಲೆ ಅತ್ತೆ ಅದಕ್ಕೆ ಸೊಪ್ಪು ತುಂಬಿ ಹಿಡಿದು ಹೊರಟರು. ಆಪಾ ಕಾಂಪೌಂಡಿನಾಚೆಯಿಂದಲೇ ಕೈ ಮುಗಿದರು.

"ಅಮ್ಮಾ, ನಿಮ್ದೂಕೆ ದಮ್ಮಯ್ಯ ಅಂತೀನಿ. ಖಾಲಿನೇ ಕೊಡಿ, ದೇವ್ರು ಏನೂ ಅನ್ಕೊಳ್ಳಲ್ಲ!"

೩. ಮೀಟರ್ ನೋಡುವವನು

ಒಂದಷ್ಟು ಗಿಡವನ್ನು ಅತ್ತೆ ಬೀಜಕ್ಕೆ ಬಿಟ್ಟರು. ಎದೆಯುದ್ದ ಬೆಳೆದು, ಹಳದಿ ಹೂವಿನ ಕೊಡೆ ಬಿಚ್ಚಿ, ಜೇನು ಮುತ್ತಿ, ಬೀಜ ಒಣಗಿ ಗಾಳಿಗೆ ಹಾರಿತು. ಅಲ್ಲಿಂದ ಶುರುವಾಯಿತು ನೋಡಿ. ತುಳಸಿ ಕಟ್ಟೆಯಲ್ಲಿ ಸಬ್ಬಸಿಗೆ. ಮೆಟ್ಟಿಲ ಬಿರುಕಿನಲ್ಲಿ ಸಬ್ಬಸಿಗೆ. ಯಜಮಾನರು ಹೊರಗೆ ಬಿಟ್ಟಿದ್ದ ಹಳೇ ಹೆಲ್ಮೆಟ್ಟಿನೊಳಗೂ ಎರಡು ಎಳೆ. ಯಾರೂ ನೀರು ಹಾಕಿದ್ದಲ್ಲ, ಯಾರೂ ಕೇಳಿದ್ದಲ್ಲ. ನಾನು ಸ್ಕೇಲು ಹಿಡಿದು ನೆಟ್ಟಾಗ ಸತ್ತ ಗಿಡವೇ ಇದು? ನಿಜಕ್ಕೂ ಕೈ ಮುಗಿಯಬೇಕು ಅನ್ನಿಸುತ್ತಿತ್ತು.

ನೀರಿನ ಮೀಟರಿನ ಗುಂಡಿಯ ಮುಚ್ಚಳ ಒಡೆದು ಹೋಗಿತ್ತು. ಅದರೊಳಗೂ ಒತ್ತಾಗಿ ಎದ್ದಿತ್ತು. ತಿಂಗಳಿಗೊಮ್ಮೆ ಮೀಟರ್ ನೋಡೋಕೆ ಬರುವವನು ಬಂದ. ಬಗ್ಗಿ, ಹೇನು ನೋಡುವ ಹಾಗೆ ಎಲೆ ಬಿಡಿಸಿ ಬಿಡಿಸಿ ನೋಡಿದ. ನಂಬರು ಕಾಣಲಿಲ್ಲ. ಕೀಳೋಕೆ ಕೈ ಹಾಕಿದ್ದೇ ತಡ, ಅತ್ತೆ ಒಳಗಿನಿಂದ ಕೂಗಿದರು.

"ಏಯ್! ಎಳೇದು ಕಣಪ್ಪ, ಇನ್ನೊಂದು ವಾರ ಬುಡು!"

"ಅಮ್ಮಾ, ನಾನು ರೀಡಿಂಗ್ ತಗೋಬೇಕು."

"ನೀರೇನು ಓಡೋಯ್ತದಾ? ವಾರ ಬುಟ್ಕೊಂಡು ಬಾ."

ಅವನು ಇಂಥ ಉತ್ತರ ಸರ್ವಿಸಿನಲ್ಲೇ ಕೇಳಿರಲಿಲ್ಲ. ಪೆಚ್ಚಾಗಿ ಹೋದ. ಸರಿಯಾಗಿ ಏಳನೇ ದಿನಕ್ಕೆ ಬಂದ. ಅತ್ತೆ ಕೊಯ್ದು ಕೈಗೊಂದು ಕಟ್ಟು ಕೊಟ್ಟರು, ಅವನು ನಂಬರು ಬರೆದುಕೊಂಡ. ಮುಂದಿನ ತಿಂಗಳು ಅವನು ಬಂದಾಗ ಗುಂಡಿ ಚೊಕ್ಕವಾಗಿತ್ತು, ನಂಬರು ಫಳಫಳ ಕಾಣುತ್ತಿತ್ತು. ಅದರ ಕಡೆ ನೋಡಲೂ ಇಲ್ಲ ಪುಣ್ಯಾತ್ಮ. ಬೇಜಾರಿನಿಂದ ಅತ್ತೆ ಕಡೆ ತಿರುಗಿ, "ಯಾಕಮ್ಮಾ, ಈ ಸಲ ಬಂದಿಲ್ವಾ?" ಅಂದ.

೪. ಮೇಸ್ತ್ರಿಯ ನಾಳೆ

ಕೊನೆಗೂ ಯಜಮಾನರು ಕಾರು ಬುಕ್ ಮಾಡಿಯೇ ಬಿಟ್ಟರು. ತಿಂಗಳೊಳಗೆ ಗಾಡಿ ಬರುತ್ತೆ, ಅಷ್ಟರೊಳಗೆ ಕಾಂಕ್ರೀಟ್ ಆಗಬೇಕು ಅಂತ ಒಬ್ಬ ಮೇಸ್ತ್ರಿಗೆ ಹೇಳಿದರು. ಅತ್ತೆ ಅವತ್ತು ಸಂಜೆ ಮೆಟ್ಟಿಲ ಮೇಲೆ ಕೂತು, "ಅಲ್ಲ ಕಣವ್ವ, ಅಷ್ಟೂ ಮುಚ್ಬುಟ್ರೆ ಬೆಳಗ್ಗೆ ಎದ್ದು ನಾನು ಏನ್ ನೋಡ್ಲಿ?" ಅಂದರು. ರಾತ್ರಿ ಅದನ್ನೇ ಅವರ ಮಗನ ಹತ್ತಿರ ಹೇಳಿದೆ. "ಟಿವಿ ನೋಡ್ಲಿ," ಅಂದರು.

ಮಾರನೆಯ ದಿನ ಯಜಮಾನರು ಡ್ಯೂಟಿಗೆ ಹೋದ ಮೇಲೆ ಮೇಸ್ತ್ರಿ ಟೇಪು ಹಿಡಿದು ಬಂದ. ಅಳತೆ ತೆಗೆಯೋದು ಬಿಟ್ಟು ಸೊಪ್ಪನ್ನೇ ನೋಡುತ್ತ ನಿಂತ. "ಅಮ್ಮಾ, ನಮ್ಮನೇಲಿ ಹೆರಿಗೆ ಆಗಿ ಹನ್ನೆರಡು ದಿನ. ಹಾಲು ಸಾಲ್ತಿಲ್ಲ, ಕೂಸು ಅಳುತ್ತೆ. ಸಬ್ಬಸಿಗೆ ತಿನ್ಸು ಅಂತ ನಮ್ಮವ್ವ ದಿನಾ ಬಯ್ತಾಳೆ. ನಾನು ಕೆಲಸ ಮುಗಿಸಿ ಹೋಗೋ ಹೊತ್ಗೆ ಅಂಗಡೀಲಿ ಬರೀ ಬಾಡಿದ್ದು ಇರುತ್ತೆ."

ಅತ್ತೆ ಕುಡುಗೋಲು ತಂದವರೇ ತೋಳು ತುಂಬುವ ಕಟ್ಟು ಕೊಯ್ದು ಕೊಟ್ಟರು. "ಬಾಣಂತಿಗೆ ದಿನಾ ತಾಜಾದೇ ಆಗ್ಬೇಕು. ನಾಳಿಕೂ ಬಾ," ಅಂದರು. ಆಮೇಲೆ ಬಹಳ ಮೆಲ್ಲಗೆ, "ಇದರ ಮ್ಯಾಲೆ ನೀನೇ ಕಾಂಕ್ರೀಟ್ ಸುರುದ್ಬುಟ್ರೆ, ಕೂಸಿಗೆ ಎಲ್ಲಿಂದ ತತ್ತೀಯ ಮಗ?" ಅಂದರು.

ಮೇಸ್ತ್ರಿ ಟೇಪು ಮಡಿಸಿ ಜೇಬಿಗೆ ಹಾಕಿಕೊಂಡ.

ಅವತ್ತಿನಿಂದ ಅವನು ಒಂದು ದಿನವೂ ತಪ್ಪಿಸಲಿಲ್ಲ. ಬೆಳಗ್ಗೆ ಯಜಮಾನರ ಸ್ಕೂಟರು ತಿರುವು ದಾಟಿದರೆ ಸಾಕು, ಬಂದು ಕಟ್ಟು ಹಿಡಿದು ಹೋಗುತ್ತಿದ್ದ. ಸಂಜೆ ಯಜಮಾನರು ಫೋನ್ ಮಾಡಿದರೆ, "ನಾಳೆ ಗ್ಯಾರಂಟಿ ಸಾರ್!" ಒಂದು ದಿನ ಜಲ್ಲಿ ಲಾರಿ ಬಂದಿಲ್ಲ. ಒಂದು ದಿನ ಅಮಾವಾಸ್ಯೆ. ಒಂದು ದಿನ ಮೋಡ ಇದೆ, ಇನ್ನೊಂದು ದಿನ ಬಿಸಿಲು ಜಾಸ್ತಿ, ಕಾಂಕ್ರೀಟ್ ಬಿರಿಯುತ್ತೆ. ನನಗೆ ಎಲ್ಲ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಕಾರು ಬಂತು. ಬೀದಿಯ ಹೊಂಗೆ ಮರದ ಕೆಳಗೆ ನಿಂತಿತು. ಒಂದು ವಾರದಲ್ಲಿ ಹಕ್ಕಿಗಳು ಅದರ ಬಣ್ಣವನ್ನೇ ಬದಲಾಯಿಸಿದವು. ಯಜಮಾನರ ತಾಳ್ಮೆ ಹರಿಯಿತು. "ಅವನ ಮನೇಗೇ ಹೋಗಿ ಕೊರಳಪಟ್ಟಿ ಹಿಡೀತೀನಿ!" ಅಂತ ಭಾನುವಾರ ಸ್ಕೂಟರು ತೆಗೆದರು. ಜಗಳ ಬಿಡಿಸೋಕೆ ಅಂತ ನಾನೂ ಹಿಂದೆ ಕೂತೆ.

ಅಲ್ಲಾಳಸಂದ್ರದ ಕೆರೆ ಹಿಂದೆ ಒಂದು ಶೀಟಿನ ಮನೆ. ಮೇಸ್ತ್ರಿ ಇರಲಿಲ್ಲ. ಅವನ ತಾಯಿ ಬಾಗಿಲಿಗೆ ಬಂದರು. ಯಜಮಾನರು ಗಂಟಲು ಸರಿಮಾಡಿಕೊಂಡು, ಮನೆ ಯಾವ ಕಡೆ, ಯಾವ ಕೆಲಸ ಅಂತ ಗಡುಸಾಗಿ ಹೇಳಿದರು. ಆಕೆಯ ಮುಖ ಅಗಲವಾಯಿತು. "ಅಯ್ಯೋ ಸ್ವಾಮಿ, ಸೊಪ್ಪಿನ ಮನೆಯೋರಾ! ಒಳಗೆ ಬನ್ನಿ, ಒಳಗೆ ಬನ್ನಿ!" ಅಂತ ಕೈ ಹಿಡಿದು ಎಳೆದುಕೊಂಡು ಹೋಗಿ, ಇವರು ಬಾಯಿ ತೆಗೆಯೋದರೊಳಗೆ ಮಗುವನ್ನು ತೋಳಿಗೆ ಹಾಕಿಬಿಟ್ಟರು. "ಹುಟ್ಟಿದಾಗ ಬೆಕ್ಕಿನ ಮರಿ ಇದ್ದಂಗಿತ್ತು. ಉಳಿಯುತ್ತೋ ಇಲ್ವೋ ಅಂತ ಅಳ್ತಿದ್ವಿ. ನಿಮ್ಮನೆ ಸೊಪ್ಪೇ ಸ್ವಾಮಿ ಕಾಪಾಡಿದ್ದು, ನಿಮ್ಮ ಮಣ್ಣು ತಣ್ಣಗಿರಲಿ!"

ಕೆನ್ನೆ ಉಬ್ಬಿಸಿಕೊಂಡು ಹೆಣ್ಣು ಕೂಸು ನಮ್ಮವರನ್ನು ದಿಟ್ಟಿಸಿತು. ಆಮೇಲೆ ಜೋರಾಗಿ ಒಂದು ತೇಗು ತೇಗಿ, ಇಸ್ತ್ರಿ ಶರ್ಟಿನ ಮೇಲೆ ಹಾಲು ಕಕ್ಕಿತು. ಇವರ ಮೂಗಿನ ಹೊಳ್ಳೆ ಅರಳಿತು. ಕರ್ಚೀಫಿಗೆ ಕೈ ಹೋಗಬೇಕಿತ್ತು, ಹೋಗಲಿಲ್ಲ. ಕಾಫಿ ಕೊಟ್ಟರು, ಕುಡಿದೆವು. ಜಗಳದ ಮಾತೇ ಬರಲಿಲ್ಲ.

ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು, ಸ್ಕೂಟರು ನಿಲ್ಲಿಸಿ ಹಿಂದೆ ತಿರುಗಿದರು. "ಲೇ, ಆ ಕೂಸಿನ ಬಾಯಲ್ಲೂ ಅದೇ ವಾಸನೆ ಕಣೇ!"

"ಮತ್ತೆ ಕೆಳಗೆ ಇಳಿಸಬೇಕಿತ್ತು."

"ಹೆಂಗೆ ಇಳಿಸ್ಲಿ? ಅದೇ ನನ್ನ ಕೊರಳಪಟ್ಟಿ ಹಿಡ್ಕೊಂಡಿತ್ತು." ಶರ್ಟಿನ ಮೇಲಿನ ಹಾಲಿನ ಕಲೆ ಮುಟ್ಟಿ ನೋಡಿಕೊಂಡು, "ಬರೀ ಸೊಪ್ಪು ಕಣೇ. ಬರೀ ಸೊಪ್ಪು," ಅಂತ ತಮಗೆ ತಾವೇ ಅಂದುಕೊಂಡರು. ಅಷ್ಟು ದೊಡ್ಡ ದನಿಯ ಮನುಷ್ಯ ಅಷ್ಟು ಮೆತ್ತಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. ಕಣ್ಣು ತುಂಬಿತು, ಅವರದೂ, ನನ್ನದೂ.

ಮನೆಗೆ ಬಂದು ತೀರ್ಪು ಕೊಟ್ಟರು. "ಕೂಸು ಹಾಲು ಬಿಡೋವರೆಗೂ ಕಾಂಕ್ರೀಟ್ ಬೇಡ. ಬಿಟ್ಟ ಮಾರನೇ ದಿನ ಮಾತ್ರ ಹಾಕಿಸ್ತೀನಿ, ಆಮೇಲೆ ಯಾರೂ ತಕರಾರು ತೆಗೀಬಾರ್ದು." ಅತ್ತೆ ತಲೆ ಆಡಿಸಿದರು. ಅಂತೂ ಮಣ್ಣಿಗೆ ಒಂದು ಗಡುವು ಬಿತ್ತು.

ಒಂದೂವರೆ ವರ್ಷ ಆಯಿತು. ಕೂಸು ನಡೆದಾಡಿ, ಹಾಲು ಬಿಟ್ಟು, ರಾಗಿ ಮುದ್ದೆ ತಿನ್ನೋಕೆ ಶುರುಮಾಡಿತು. ಒಂದು ಭಾನುವಾರ ಬೆಳಗ್ಗೆ ಮೇಸ್ತ್ರಿ ಕರೆಯದೆಯೇ ಬಂದ, ಮೊಪೆಡ್ಡಿನ ಮೇಲೆ ಸಿಮೆಂಟಿನ ಮೂಟೆ. ಅತ್ತೆ ಒಂದು ಸಲ ಮಣ್ಣು ನೋಡಿ ಒಳಗೆ ಹೋದರು. ನನಗೆ ನಿಲ್ಲಲೂ ಆಗಲಿಲ್ಲ, ಹೋಗಲೂ ಆಗಲಿಲ್ಲ. ಯಜಮಾನರು ಪಂಚೆ ಎತ್ತಿ ಕಟ್ಟಿ, "ಶುರು ಮಾಡಯ್ಯಾ," ಅಂದರು.

ಮೇಸ್ತ್ರಿ ಮೂಟೆ ಇಳಿಸಿದ, ಬಿಚ್ಚಲಿಲ್ಲ. ಕತ್ತು ಕೆರೆದುಕೊಂಡ. ಮಣ್ಣು ನೋಡಿದ, ಆಕಾಶ ನೋಡಿದ.

"ಏನಯ್ಯಾ, ಇವತ್ತೂ ಅಮಾವಾಸ್ಯೇನಾ?"

"ಅಲ್ಲ ಸಾರ್... ಮನೇಲಿ... ಮತ್ತೆ..."

ಯಜಮಾನರು ಸಿಮೆಂಟಿನ ಮೂಟೆಯ ಮೇಲೆ ಧೊಪ್ಪಂತ ಕೂತರು. ಅವನನ್ನು ನೋಡಿದರು, ಹೊಂಗೆ ಮರದ ಕೆಳಗಿನ ಕಾರನ್ನು ನೋಡಿದರು. "ಎಷ್ಟು ತಿಂಗಳು?"

"ಐದು ಸಾರ್."

ಬೆರಳು ಮಡಿಸಿ ಏನೋ ಎಣಿಸಿದರು. ಮತ್ತೊಂದು ಸಲ ಎಣಿಸಿದರು. ಆಮೇಲೆ ಹುಟ್ಟಿದಾಗಿನಿಂದ ಆ ಸೊಪ್ಪನ್ನು ಮುಟ್ಟದ ಆ ಮನುಷ್ಯ, ಕೂತಲ್ಲಿಂದಲೇ ಒಳಗೆ ಕೇಳುವ ಹಾಗೆ ಕೂಗಿದರು:

"ಅಮ್ಮಾ! ಈಗ್ಲೇ ಬೀಜ ಎರಚಬೇಡ, ಹೆರಿಗೆ ಹೊತ್ಗೆ ಬಲ್ತು ಹೋಗುತ್ತೆ! ಇನ್ನೆರಡೂವರೆ ತಿಂಗಳು ಬಿಟ್ಟು ಎರಚು!"