ಡ್ರಮ್ ಮಷೀನಿಗೆ ಹತ್ತು ದಿನ

ಅಳತೆಯ ಕೆಲಸ ಮಾಡುವವರಿಗೆ ಇಂಥ ಪ್ರಸಂಗಗಳ ಬರ ಎಂದೂ ಬರುವುದಿಲ್ಲ. ಮಷೀನನ್ನು ಅಳೆಯಲು ಕೂರುತ್ತೇವೆ, ಮಧ್ಯೆ ಯಾರೋ ಬಂದು ತಲೆ ಹಾಕುತ್ತಾರೆ, ಕೊನೆಗೆ ಅಳತೆಗೆ ಸಿಗುವುದು ಅವರೇ.

ನಾನು ಓದಿದ್ದು ಭೌತಶಾಸ್ತ್ರ. ಕೆಲಸ ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ. ಸಂಜೆ ಬಾಡಿಗೆ ಮನೆಯಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಜೊತೆಗೆ ತಾಳ ಹಾಕುವವರು ಯಾರೂ ಇಲ್ಲವೆಂದು ಆನ್‌ಲೈನ್‌ನಲ್ಲಿ ಒಂದು ಡ್ರಮ್ ಮಷೀನ್ ತರಿಸಿದೆ. ಇರುವುದರಲ್ಲಿ ಅಗ್ಗದ್ದು, ಊಟದ ತಟ್ಟೆಯಷ್ಟು ಅಗಲ. ಹಿಡಿಸದಿದ್ದರೆ ಹತ್ತು ದಿನದೊಳಗೆ ವಾಪಸ್ ಕೊಡಬಹುದು. ಹತ್ತು ದಿನವೂ ಪರೀಕ್ಷೆ ಮಾಡುವುದೆಂದು ಒಂದು ಪಟ್ಟಿ ಹಾಕಿಕೊಂಡೆ: ಶಬ್ದ, ತಾಳಗಳು, ವೇಗದ ನಿಖರತೆ, ಷರಾ.

ಸುದ್ದಿ ಕೇಳಿ, ಲೋಹ ಕಡೆಯುವ ಲೇತ್ ಯಂತ್ರ ನಡೆಸುವ ನಮ್ಮ ಲೇತ್ ಆಪರೇಟರ್ ಓಡಿ ಬಂದರು. ಅವರು ಗದಗಿನ ಕಡೆಯವರು, ಒಳ್ಳೆಯ ಕಂಠ. ಕಾರ್ಖಾನೆಯ ಆಯುಧಪೂಜೆಯಲ್ಲಿ ಪ್ರತಿವರ್ಷ ಶಿವನ ಭಜನೆ ಹಾಡುತ್ತಿದ್ದರು. ತಬಲಾ ನುಡಿಸುತ್ತಿದ್ದವರು ಈ ವರ್ಷ ಚಂದಾಪುರದ ಕಡೆ ಬೇರೆ ಕೆಲಸಕ್ಕೆ ಹೋಗಿಬಿಟ್ಟಿದ್ದರು. ತಾಳವಿಲ್ಲದಿದ್ದರೆ ಇವರ ಹತ್ತು ನಿಮಿಷ ಅಕೌಂಟ್ಸ್ ವಿಭಾಗದ ಕರೋಕೆ ಹಾಡುಗಳ ಪಾಲು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಊರಿನಿಂದ ಅವರ ಹೆಂಡತಿ ಮೊದಲ ಸಲ ದಸರಾಕ್ಕೆ ಬೆಂಗಳೂರಿಗೆ ಬರುತ್ತಿದ್ದರು. ‘ಕಂಪನಿಗೆಲ್ಲ ನಾನೇ ಹಾಡುಗಾರ’ ಎಂದು ಇವರು ಫೋನಿನಲ್ಲಿ ವರ್ಷಗಟ್ಟಲೆ ಹೇಳಿದ್ದರು.

“ಮೇಡಮ್ಮಾರ, ಈ ಸಲ ಹಾಡಲಿಲ್ಲಂದ್ರ ಮನ್ಯಾಗ ನನ್ನ ಮಾತು ಯಾರೂ ನಂಬಂಗಿಲ್ರಿ.”

“ಈಗ ನಂಬ್ತಾರಾ?”

“ಈಗ ಡೌಟಿನ್ಯಾಗ ಅದಾರ್ರಿ.”

ಆಯುಧಪೂಜೆ ಬೀಳುವುದು ಮಷೀನ್ ಬಂದ ಒಂಬತ್ತನೆಯ ದಿನಕ್ಕೆ. ಪರೀಕ್ಷೆ ಇನ್ನು ನನ್ನೊಬ್ಬಳದೇ ಆಗಿರಲಿಲ್ಲ.

ಎಷ್ಟು ಕೆಜಿ?

ಇದು ಮಷೀನ್ ಬಂದ ದಿನದ್ದು. ಡೆಲಿವರಿಯವರು ಗೇಟಿನಲ್ಲಿ ನಿಂತು, “ಮೇಡಂ, ಡ್ರಮ್ ಮಷೀನ್!” ಎಂದು ಕೂಗಿದರು. ನಾನು ಇಳಿದು ಬರುವಷ್ಟರಲ್ಲಿ ಕೆಳಗಿನ ಮನೆಯ ಓನರ್ ಆಂಟಿ ಗೇಟಿಗೆ ಅಡ್ಡ ನಿಂತಿದ್ದರು.

“ಏನಮ್ಮ ಇದು? ವಾಷಿಂಗ್ ಮಷೀನ್ ಇಡಬಾರದು ಅಂತ ಮೊದಲೇ ಹೇಳಿದ್ದೆ ತಾನೆ? ಟ್ಯಾಂಕರ್ ನೀರು ಕಣಮ್ಮ ನಮ್ಮದು.”

“ಇದು ವಾಷಿಂಗ್ ಮಷೀನ್ ಅಲ್ಲ ಆಂಟಿ, ಡ್ರಮ್ ಮಷೀನ್.”

“ಅದೇನಮ್ಮ, ಡ್ರಮ್ ಇಲ್ಲದ ವಾಷಿಂಗ್ ಮಷೀನ್ ಎಲ್ಲಿದೆ? ಎಷ್ಟು ಕೆಜಿ?”

“ಒಂದು ಕೆಜಿಯೂ ಇಲ್ಲ.”

ಆಂಟಿ ನನ್ನನ್ನೂ ಡಬ್ಬವನ್ನೂ ನೋಡಿದರು. “ಒಂದು ಕೆಜಿ ಬಟ್ಟೆಗೆ ಮಷೀನಾ? ಇಷ್ಟೊಂದು ಸೋಮಾರಿ ಅಂದ್ಕೊಂಡಿರಲಿಲ್ಲಮ್ಮ ನಿನ್ನ.”

“ಇದು ಒಗೆಯಲ್ಲ ಆಂಟಿ. ಬರೀ ಬಡಿಯುತ್ತೆ.”

“ಬಡಿಯೋಕೆ ಟೆರೇಸ್ ಮೇಲೆ ಕಲ್ಲು ಹಾಕಿಸಿದೀನಲ್ಲಮ್ಮ!”

ಇಪ್ಪತ್ತೇಳನೆಯ ತಾಳ

ಮಷೀನಿನಲ್ಲಿ ಅರವತ್ತು ಸಿದ್ಧ ತಾಳಗಳಿದ್ದವು. ನಾಲ್ಕನೆಯ ದಿನ ಊಟದ ಬಿಡುವಿನಲ್ಲಿ ಅಳತೆಯ ಕೋಣೆಯಲ್ಲಿ ಕೂತು ಒಂದೊಂದನ್ನೇ ಕೇಳಿಸಿದೆ. ಲೇತ್ ಆಪರೇಟರ್ ಕಣ್ಣು ಮುಚ್ಚಿ ತೀರ್ಪು ಕೊಡುತ್ತ ಹೋದರು. ನಾನು ಬರೆದುಕೊಳ್ಳುತ್ತ ಹೋದೆ.

“ಇದು ಬ್ಯಾಡ್ರಿ, ಮದುವಿ ಬ್ಯಾಂಡ್ ಆತು.”

ಮುಂದಿನದು.

“ಇದು ಬ್ಯಾಡ್ರಿ. ನಮ್ಮ ಪವರ್ ಪ್ರೆಸ್ ಇದಕ್ಕಿಂತ ಚಲೋ ಬಡೀತೈತಿ.”

ಅದರ ಮುಂದಿನದು ಕೇಳಿ ಕಣ್ಣನ್ನೇ ತೆರೆಯಲಿಲ್ಲ. ಬರೀ ಕೈ ಬೀಸಿದರು.

ನನ್ನ ಲೆಕ್ಕದಲ್ಲಿ ಅವರ ಭಜನೆಗೆ ಹೊಂದುವ ತಾಳ ಹನ್ನೆರಡನೆಯದು. ಸರಳವಾದ ಎಂಟು ಮಾತ್ರೆ. ಅದನ್ನೇ ಒಪ್ಪಿಸಲು ನೋಡುತ್ತಿದ್ದಾಗ ಬೆರಳು ತಪ್ಪಿ ಇಪ್ಪತ್ತೇಳು ಒತ್ತಿಹೋಯಿತು. ಡಬಡಬ, ಚಿಕಿಚಿಕಿ ಎಂದು ಕೋಣೆ ತುಂಬ ಗದ್ದಲ. ಅವರು ಕಣ್ಣು ತೆರೆದು ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದರು.

“ಸಾಂ...ಬಾ. ಮೇಡಮ್ಮಾರ, ಸಾಂಬ ಅಂತ ಬರದೈತ್ರಿ! ಇದ ಇರ್ಲಿ.”

“ಅದು ಸಾಂಬಶಿವ ಅಲ್ರೀ. ಸಾಂಬಾ ಅಂತ ಬ್ರೆಜಿಲ್ ದೇಶದ ಕುಣಿತ.”

ಅವರು ಮಷೀನಿಗೆ ಕೈ ಮುಗಿದರು.

“ಬ್ರೆಜಿಲ್ಲಿನ್ಯಾಗೂ ಅದಾನ ಅನ್ರಿ!”

ವೇಗದ ನಿಖರತೆ

ಹನ್ನೆರಡನೆಯ ತಾಳಕ್ಕೆ ಅವರನ್ನು ಒಪ್ಪಿಸಲು ಇನ್ನೂ ಒಂದು ದಿನ ಹಿಡಿಯಿತು. ಆರನೆಯ ದಿನ ಅಭ್ಯಾಸ ಶುರುವಾಯಿತು. ವೇಗ ನಿಮಿಷಕ್ಕೆ ತೊಂಬತ್ತೆರಡು ಪೆಟ್ಟು. ಮೊದಲ ಚರಣ ಚೆನ್ನಾಗಿಯೇ ಆಯಿತು. ಎರಡನೆಯದರಲ್ಲಿ ಅವರು ಒಂದು ಹೆಜ್ಜೆ ಮುಂದೆ. ಮೂರನೆಯದರಲ್ಲಿ ಅವರು ಎಲ್ಲೋ, ಮಷೀನ್ ಎಲ್ಲೋ.

“ಮೇಡಮ್ಮಾರ, ನಿಮ್ಮ ಮಷೀನ್ ಹಿಂದ ಬೀಳಾಕತ್ತೈತ್ರಿ.”

“ಮಷೀನ್ ಇದ್ದಲ್ಲೇ ಇದೆ. ನೀವೇ ಓಡ್ತಿದೀರಿ.”

“ನಾ ಓಡಂಗಿಲ್ರಿ. ಅದಕ್ಕ ಹುರುಪು ಕಡಿಮಿ ಐತಿ.”

ವಾದಕ್ಕಿಂತ ಅಳತೆ ಮೇಲು. ಅವರು ಒಬ್ಬರೇ ಹಾಡಿದ್ದನ್ನು ರೆಕಾರ್ಡ್ ಮಾಡಿಕೊಂಡು, ಪ್ರತಿ ಚರಣಕ್ಕೂ ವೇಗ ಎಣಿಸಿ ಗ್ರಾಫ್ ಹಾಕಿದೆ. ತೊಂಬತ್ತೆರಡರಲ್ಲಿ ಹೊರಟವರು ನೂರಿಪ್ಪತ್ತೆಂಟು ಮುಟ್ಟಿದ್ದರು. ಮೇಲೆ ‘ಲೇತ್ ಆಪರೇಟರ್, ವೇಗ’ ಎಂದು ಬರೆದು ಅವರ ಮುಂದಿಟ್ಟೆ. ಅಷ್ಟರಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಒಳಗೆ ಬಂದರು. ಗ್ರಾಫ್ ನೋಡಿದರು. ‘ಲೇತ್’ ಎಂಬುದಷ್ಟೇ ಅವರ ಕಣ್ಣಿಗೆ ಬಿದ್ದಿರಬೇಕು.

“ಏನ್ರೀ ಇದು, ಸ್ಪೀಡ್ ತಾನಾಗೇ ಏರ್ತಾ ಇದೆ?”

“ಹೌದು ಸಾರ್.”

“ಕಂಟ್ರೋಲೇ ಇಲ್ವಲ್ರೀ!”

“ಇಲ್ಲ ಸಾರ್.”

“ಎಷ್ಟು ವರ್ಷದ್ದು?”

ಲೇತ್ ಆಪರೇಟರ್ ಎದ್ದು ನಿಂತು ವಿನಯದಿಂದ, “ನಲವತ್ತೆರಡು ಆತ್ರಿ ಸಾಹೇಬ್ರ” ಎಂದರು.

“ನಲವತ್ತೆರಡಾ? ಇನ್ನೂ ಯಾಕ್ರೀ ಇಟ್ಕೊಂಡಿದೀರ? ಸ್ಕ್ರ್ಯಾಪ್‌ಗೆ ಹಾಕಿ!”

ಪೂಜೆಯಾದ ಮಷೀನ್

ಎಂಟನೆಯ ದಿನದ ಹೊತ್ತಿಗೆ ಅವರು ಮಷೀನಿನ ಜೊತೆ ಎರಡು ಚರಣ ಹೇಗೋ ತಡೆದುಕೊಂಡು ಹಾಡುವಷ್ಟಾದರು. ಮೂರನೆಯದನ್ನು ಬಿಟ್ಟುಬಿಡುವುದೆಂದು ತೀರ್ಮಾನಿಸಿದೆವು.

ಆಯುಧಪೂಜೆಯ ಬೆಳಿಗ್ಗೆ ಕಾರ್ಖಾನೆಗೆ ಮಾವಿನ ತೋರಣ, ಬಾಳೆಕಂಬ. ಲೇತುಗಳಿಗೆಲ್ಲ ಚೆಂಡುಹೂವಿನ ಮಾಲೆ. ನಮ್ಮ ವಿಭಾಗದ ವರ್ನಿಯರ್, ಮೈಕ್ರೋಮೀಟರ್ ಮುಂತಾದ ಅಳತೆಯ ಸಾಧನಗಳನ್ನು ಒಂದು ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದರು. ಪ್ಲಗ್ ಪಾಯಿಂಟ್ ಇದ್ದದ್ದು ಆ ಮೇಜಿನ ಪಕ್ಕ. ಡ್ರಮ್ ಮಷೀನನ್ನು ಅದರ ತುದಿಯಲ್ಲಿಟ್ಟು ವೈರ್ ತರಲು ಹೋದೆ. ಐದು ನಿಮಿಷವೂ ಆಗಿರಲಿಲ್ಲ. ವಾಪಸ್ ಬರುವಷ್ಟರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಹಿರಿಯರು ತಟ್ಟೆ ಹಿಡಿದು ಆ ಸಾಲನ್ನೆಲ್ಲ ಮುಗಿಸಿದ್ದರು. ಡ್ರಮ್ ಮಷೀನಿನ ಮೇಲೆ ಅಡ್ಡಕ್ಕೆ ಮೂರು ವಿಭೂತಿ ಪಟ್ಟೆ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ.

ನಾನು ವೈರ್ ಚುಚ್ಚಲು ಹೋದೆ. ಹಿರಿಯರು ಕೈ ಅಡ್ಡ ಹಿಡಿದರು.

“ಪೂಜೆ ಆಗಿದೆಯಮ್ಮ. ಪೂಜೆ ಆದ ಮಷೀನನ್ನ ಇವತ್ತು ಆನ್ ಮಾಡೋ ಹಾಗಿಲ್ಲ. ಅದಕ್ಕೂ ಒಂದು ದಿನ ರಜಾ ಬೇಡವಾ?”

“ಸಾರ್, ಇದು ಕಾರ್ಖಾನೆಯ ಮಷೀನ್ ಅಲ್ಲ. ಹಾಡಿಗೆ ತಂದಿದ್ದು.”

“ಮಷೀನ್ ತಾನೆ?”

“ಹಾಗಾದ್ರೆ ಮೈಕೂ ಮಷೀನೇ ಅಲ್ವಾ ಸಾರ್? ಅದು ಆನ್ ಇದೆಯಲ್ಲ?”

“ಅದಕ್ಕೆ ಪೂಜೆ ಆಗಿಲ್ಲಮ್ಮ. ಅದು ಬಾಡಿಗೇದು.”

ಲೇತ್ ಆಪರೇಟರ್ ನಿಂತಲ್ಲೇ ಬಿಳಿಚಿಕೊಂಡರು. ಮೊದಲ ಸಾಲಿನಲ್ಲಿ ಅವರ ಹೆಂಡತಿ ಇಳಕಲ್ ಸೀರೆಯುಟ್ಟು, ಸೆರಗು ಹೊದ್ದು ಕೂತಿದ್ದರು. ಪಕ್ಕದಲ್ಲೇ ಮಾಲೀಕರ ಮನೆಯವರು. ಅಕೌಂಟ್ಸ್‌ನವರು ಮೊಬೈಲಿನಲ್ಲಿ ಕರೋಕೆ ತೆರೆದು ಸಿದ್ಧವಾಗಿದ್ದರು. ಅಷ್ಟರಲ್ಲಿ ಮೈಕಿನಲ್ಲಿ ಇವರ ಹೆಸರು ಕರೆದರು.

“ಮೇಡಮ್ಮಾರ, ಹೆಂಗ್ರಿ?”

“ಹಾಡಿ. ಓಡಬೇಡಿ ಅಷ್ಟೇ.”

ಮೊದಲ ಚರಣ ಚೆನ್ನಾಗಿ ಬಂತು. ಎರಡನೆಯದಕ್ಕೆ ಬಂದಾಗ ಕಾಲು ಕುಣಿಯಲು ಶುರುವಾಯಿತು. ನಾನು ಫೋನಿನಲ್ಲಿ ವೇಗ ಎಣಿಸುತ್ತಿದ್ದೆ: ನೂರು, ನೂರಾ ಎಂಟು. ಮಾಲೀಕರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ನಾನು ಕಣ್ಣು ಮುಚ್ಚಿಕೊಂಡೆ.

ಆಗ ಮೊದಲ ಸಾಲಿನಿಂದ, ಮೈಕಿನ ಹಂಗಿಲ್ಲದ ಒಂದು ದನಿ ಕೇಳಿಸಿತು.

“ಸಾವಕಾಶ್ರೀ! ಯಾರೂ ಬೆನ್ನ ಹತ್ತಿಲ್ಲ ನಿಮ್ಮನ್ನ!”

ಇಡೀ ಕಾರ್ಖಾನೆ ಗೊಳ್ಳೆಂದಿತು. ಹಾಡುಗಾರರು ಗಕ್ಕನೆ ನಿಂತರು. ಒಮ್ಮೆ ಉಸಿರೆಳೆದುಕೊಂಡು ಮತ್ತೆ ಎತ್ತಿಕೊಂಡರು. ಹೆಂಡತಿ ತೊಡೆಯ ಮೇಲೆ ತಾಳ ಹಾಕತೊಡಗಿದರು. ಪಕ್ಕದ ಮಾಲೀಕರ ಮನೆಯವರೂ ಹಾಕಿದರು. ನೋಡನೋಡುತ್ತ ಎಲ್ಲರ ಕೈಗಳೂ ಕೂಡಿದವು. ಇವರ ಕಾಲು ಕುಣಿದಾಗಲೆಲ್ಲ ಆಕೆ ಒಂದು ಬೆರಳು ಎತ್ತುತ್ತಿದ್ದರು, ಅಷ್ಟೆ. ನಾವು ಬಿಟ್ಟುಬಿಡಬೇಕೆಂದಿದ್ದ ಮೂರನೆಯ ಚರಣವನ್ನೂ ಹಾಡಿ ಮುಗಿಸಿದರು. ನಾನು ಎರಡೆರಡು ಸಲ ಎಣಿಸಿದೆ. ತೊಂಬತ್ತೆರಡು. ಒಂದು ಪೆಟ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಚಪ್ಪಾಳೆ ನಿಂತ ಮೇಲೆ ಅವರು ಹೆಂಡತಿಯನ್ನು ಕರೆದುಕೊಂಡು ನೇರ ನಮ್ಮ ಮೇಜಿಗೆ ಬಂದರು. ಮುಖದಲ್ಲಿ ಇನ್ನೂ ಬೆವರು.

“ಈಗ ನಂಬಿದೇನು, ಕಂಪನಿಗೆ ಹಾಡುಗಾರ ಯಾರಂತ?”

“ನಂಬಿದೆ. ಓಡುಗಾರನೂ ನೀವ ಅಂತ ಗೊತ್ತಾತು.”

ಅವರು ನಕ್ಕು ನನ್ನ ಕಡೆ ತಿರುಗಿದರು. “ಮೇಡಮ್ಮಾರ, ನಾಳೆ ಮಷೀನ್ ವಾಪಸ್ ಕೊಡಬ್ಯಾಡ್ರಿ. ಇಕಿ ಸೋಮವಾರ ಊರಿಗೆ ಹೊಂಟಾಳ. ಆಮ್ಯಾಲೆ ನನಗ ಅದ ಗತಿ.”

ಆಕೆ ವಿಭೂತಿ ಹಚ್ಚಿಕೊಂಡು ಕೂತಿದ್ದ ಮಷೀನನ್ನು ಬಗ್ಗಿ ನೋಡಿದರು.

“ಇದೇನ್ ಮಾಡ್ತೈತಿ ತಂಗಿ?”

“ತಾಳ ಹಾಕುತ್ತೆ ಅಕ್ಕ. ಒಂದು ಪೆಟ್ಟೂ ತಪ್ಪಲ್ಲ.”

“ಬರೇ ತಾಳ ಹಾಕ್ತೈತೋ, ಬಾಯಿನೂ ಮಾಡ್ತೈತೋ?”

“ಬರೀ ತಾಳ.”

“ಹಂಗಾದ್ರ ಇವರು ಕೇಳಂಗಿಲ್ಲ ಬಿಡವಾ.”

ಮಷೀನನ್ನು ಉಳಿಸಿಕೊಂಡೆ. ಹತ್ತನೆಯ ದಿನ ಪರೀಕ್ಷೆಯ ಫಲಿತಾಂಶವನ್ನು ಆ್ಯಪ್‌ನಲ್ಲಿ ಬರೆದೆ: ‘ತಾಳ ಕರಾರುವಾಕ್ಕು. ಬಾಯಿ ಮಾಡುವ ಸೌಲಭ್ಯ ಇಲ್ಲ. ನಾಲ್ಕು ಸ್ಟಾರ್.’