ವಾರಗಿತ್ತಿಯರ ಟೆಂಡರು

ಸರ್ಕಾರಿ ಟೆಂಡರುಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಅಭ್ಯಾಸ ಇದ್ದರೆ ವಾರಕ್ಕೊಮ್ಮೆಯಾದರೂ ನಗು ಗ್ಯಾರಂಟಿ. ನಾನೂ ನನ್ನ ವಾರಗಿತ್ತಿಯೂ ಜಯಲಕ್ಷ್ಮಿಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸಣ್ಣ ಕಂಪನಿ ನಡೆಸುತ್ತೇವೆ. ಕಚೇರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವುದು, ಸಲಹೆ ಕೊಡುವುದು ನಮ್ಮ ಕೆಲಸ. ಅವಳು ಎಂಜಿನಿಯರ್, ನಂಜನಗೂಡಿನ ಕಡೆಯ ರೈತರ ಮಗಳು. ಮಾತು ನನ್ನದು, ತಲೆ ಅವಳದು. "ಒಂದೇ ಮನೆ ಸೊಸೆಯರು ಒಂದೇ ಕಂಪನೀಲಾ? ಆರು ತಿಂಗಳು ನೋಡಿ" ಅಂದಿದ್ದರು ನೆಂಟರು. ಈಗ ಕೆಲಸ ಕೇಳಿ ಅವರ ಮಕ್ಕಳೇ ಕಳಿಸಿದ ಬಯೋಡೇಟಾ ನಮ್ಮ ಮೇಜಿನ ಮೇಲಿದೆ.

ಟ್ರ್ಯಾಕ್ಟರ್ ಇದೆಯೇ?

ನಮ್ಮ ಮೊದಲ ಟೆಂಡರಿನ ಕೊನೆಯ ಪುಟದಲ್ಲಿ ಒಂದು ಷರತ್ತಿತ್ತು: ಸಾಫ್ಟ್‌ವೇರ್ ಸಲಹೆಗಾರರ ಬಳಿ ಸ್ವಂತದ್ದೋ ಬಾಡಿಗೆಯದ್ದೋ ಒಂದು ಟ್ರ್ಯಾಕ್ಟರ್ ಇರಬೇಕು. ಕಚೇರಿಗೆ ಫೋನ್ ಮಾಡಿದೆ.

"ಹಳೇದು ಕಸ ಸಾಗಿಸೋ ಟೆಂಡರ್ ಕಣಮ್ಮ, ಅದನ್ನೇ ತಿದ್ದಿದೀವಿ," ಅಂದರು ಗುಮಾಸ್ತರು.

"ಹಾಗಾದ್ರೆ ತೆಗೆದುಬಿಡಿ ಸಾರ್."

"ಸಾಹೇಬ್ರ ಸಹಿ ಆಗೋಗಿದೆಯಲ್ಲಾ!"

ನನ್ನ ವಾರಗಿತ್ತಿ ತಲೆ ಕೆಡಿಸಿಕೊಳ್ಳಲಿಲ್ಲ. "ನಮ್ಮಪ್ಪಂದು ಐತಲ್ಲಕ್ಕ, ಬಾಡಿಗೆ ಪತ್ರ ಬರೆಸ್ಕಬುಡಾಣ."

ಬೇರೆ ಕಂಪನಿಗಳು ಆ ಪುಟವನ್ನೇ ಓದಿರಲಿಲ್ಲ. ದಾಖಲೆಗಳೆಲ್ಲ ಸರಿಯಿದ್ದದ್ದು ನಮ್ಮದೊಂದೇ. ಮೈಸೂರಲ್ಲಿ ಟ್ರ್ಯಾಕ್ಟರ್ ತೋರಿಸಿ ಸಾಫ್ಟ್‌ವೇರ್ ಕೆಲಸ ಹಿಡಿದವರು ನಾವೇ ಇರಬೇಕು.

ಇದು ಗುತ್ತಿಗೆ ಅಲ್ಲ

ಆಮೇಲೆ ಎರಡು ಟೆಂಡರು ಒಟ್ಟಿಗೇ ಬಂದವು. ಒಂದು ಜಿಲ್ಲೆಗೆಲ್ಲ ಸಂಬಂಧಿಸಿದ ಭಾರಿ ಯೋಜನೆ, ಇನ್ನೊಂದು ನೀರಿನ ದೂರು ದಾಖಲಿಸುವ ಪುಟ್ಟ ಕೆಲಸ. ಎರಡನ್ನೂ ಮಾಡುವಷ್ಟು ಜನ ನಮ್ಮಲ್ಲಿರಲಿಲ್ಲ. ನನಗೆ ದೊಡ್ಡದರ ಮೇಲೇ ಕಣ್ಣು. ಟೆಂಡರು ಹಾಕುವವರಿಗೆಂದು ಕರೆದ ಅದರ ಸಭೆಯಲ್ಲಿ ನನ್ನ ವಾರಗಿತ್ತಿ ಎದ್ದು ನಿಂತಳು.

"ಕೆಲಸ ಮುಗೀತು ಅಂತ ಯಾರು ಹೇಳ್ತಾರೆ ಸಾರ್?"

ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. "ಎಲ್ಲ ವಿಭಾಗದವರೂ ಒಪ್ಪಬೇಕು."

"ಒಪ್ಪದಿದ್ರೆ?"

"ಒಪ್ಪೋವರೆಗೂ ಮಾಡ್ತಿರಬೇಕಮ್ಮ."

ಅವಳು ಕೂತು ನನ್ನ ಕಿವಿಯಲ್ಲಿ ಹೇಳಿದಳು: "ನಡಿಯಕ್ಕ. ಇದು ಗುತ್ತಿಗೆ ಅಲ್ಲ, ಮದುವೆ."

ಯಾದವಗಿರಿಗೆ ನೀರು

ಪುಟ್ಟ ಟೆಂಡರಿಗೇ ಹಾಕಿದೆವು. ಆಯ್ಕೆಗೆ ಮುಂಚೆ ಸಾಫ್ಟ್‌ವೇರ್ ಓಡಿಸಿ ತೋರಿಸಬೇಕಿತ್ತು. ನಮಗಿಂತ ಮೊದಲು ಬಂದ ದೊಡ್ಡ ಕಂಪನಿಯ ಕೋಟುಧಾರಿಗಳು ಬಣ್ಣಬಣ್ಣದ ಚಿತ್ರ ತೋರಿಸಿ ಹೋಗಿದ್ದರು.

"ನಿಜವಾದ ಒಂದು ದೂರು ಹೇಳಿ ಸಾರ್," ಅಂದಳು ನನ್ನ ವಾರಗಿತ್ತಿ.

ನೀರು ಸರಬರಾಜಿನ ಹಿರಿಯ ಅಧಿಕಾರಿಗಳು ಸ್ವಲ್ಪ ಸಂಕೋಚದಿಂದಲೇ, "ಯಾದವಗಿರೀಲಿ ನಮ್ಮನೆಗೇ ಮೂರು ದಿನದಿಂದ ನೀರಿಲ್ಲಮ್ಮ," ಅಂದರು. ವಿಳಾಸ ಕೊಟ್ಟರು, ಅಲ್ಲಿ ನೀರು ಬಿಡುವವನ ನಂಬರೂ ಕೊಟ್ಟರು. ಅವಳು ಗುಂಡಿ ಒತ್ತಿದಳು. ಅವನಿಗೆ ಮೆಸೇಜ್ ಹೋಯಿತು.

ಎರಡೇ ನಿಮಿಷಕ್ಕೆ ಅಧಿಕಾರಿಗಳ ಫೋನ್ ಬಡಿದುಕೊಂಡಿತು. ನೀರು ಬಿಡುವವನೇ. ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದರು.

"ಸಾರ್, ಯಾವನೋ ನಿಮ್ಮನೆ ವಿಳಾಸ ಹಾಕಿ ಕಂಪ್ಲೇಂಟ್ ಕೊಟ್ಟವ್ನೆ! ಯಾರು ಅಂತ ಹೇಳಿ, ನಾನು ವಿಚಾರಿಸ್ಕತೀನಿ!"

"ನಾನೇ ಕಣಯ್ಯ!"

ಅವನ ದನಿ ಸಣ್ಣಗಾಯಿತು: "ಈಗ್ಲೇ ಬುಟ್ಬುಡ್ತೀನಿ ಸಾರ್."

ನಾವು ಕಾಗದ ಜೋಡಿಸಿಕೊಳ್ಳುವಷ್ಟರಲ್ಲಿ ಮತ್ತೆ ಫೋನು. ಈ ಸಲ ಅವರ ಮನೆಯವರು. ಗಡಿಬಿಡಿಯಲ್ಲಿ ಅಧಿಕಾರಿಗಳು ಅದನ್ನೂ ಸ್ಪೀಕರಿನಲ್ಲೇ ಎತ್ತಿಬಿಟ್ಟರು.

"ರೀ, ನೀರು ಬಂತು ಕಣ್ರೀ! ನೀವು ಹೇಳಿದ್ರೆ ಯಾರೂ ಕೇಳಲ್ಲ ಅಂತ ನಂಗೊತ್ತು. ಯಾರೋ ದೊಡ್ಡೋರ ಕೈಲಿ ಹೇಳಿಸಿದ್ರಾ?"

ಅಧಿಕಾರಿಗಳು ನಮ್ಮಿಬ್ಬರನ್ನೂ ಒಮ್ಮೆ ನೋಡಿ, "ಹೂಂ ಕಣೇ, ಇಲ್ಲೇ ಕೂತಿದಾರೆ," ಅಂದರು. ಮರುವಾರ ಕೆಲಸದ ಆದೇಶ ನಮ್ಮ ಕೈಗಿಡುವಾಗ ಮೆಲ್ಲಗೆ ಕೇಳಿದರು:

"ಇದರಲ್ಲಿ ಗ್ಯಾಸ್ ಸಿಲಿಂಡರಿಂದೂ ಸೇರಿಸಕ್ಕಾಗುತ್ತೇನಮ್ಮ? ಮನೇಲಿ ಕೇಳ್ತಿದಾರೆ."