ಕೆಳಗಿನ ಅರ್ಧ ಪಂಪಣ್ಣನದು

ಆ ಕರಿಹಲಗೆಗೆ ನಾನು ಕೊಟ್ಟದ್ದು ಹದಿನೆಂಟು ರೂಪಾಯಿ. ಬಡಗಿ ಕೇಳಿದ್ದು ಇಪ್ಪತ್ತೈದು. ಚೌಕಟ್ಟಿನ ಮೂಲೆಯಲ್ಲಿ ಗಂಟು ಇದೆ ಎಂದು ತೋರಿಸಿ, ಎರಡು ಸಲ ಸುಮ್ಮನೆ ಎದ್ದು ಹೊರಟಂತೆ ಮಾಡಿ, ಕೊನೆಗೆ ನಿಜವಾಗಿಯೇ ರಸ್ತೆ ದಾಟಿದ ಮೇಲೆ ಅವನು ಕೂಗಿ ಕರೆದ. ಶಾಲೆಯಲ್ಲಿರುವಷ್ಟು ದೊಡ್ಡ ಹಲಗೆಯೇ ಬೇಕೆಂದು ಹಟ ಹಿಡಿದವರು ನಮ್ಮ ಸೋದರಮಾವ. ಅಷ್ಟು ದೊಡ್ಡದನ್ನು ಹೊತ್ತು ತಂದುಕೊಟ್ಟರೆ ಅವರು ಬರೆದದ್ದು ಮೇಲಿನ ಅರ್ಧದಲ್ಲಿ ಮಾತ್ರ. ಕೆಳಗಿನ ಅರ್ಧ ಖಾಲಿ. ಒಂಬತ್ತು ರೂಪಾಯಿಯ ಹಲಗೆ ಕೆಲಸವಿಲ್ಲದೆ ಬಿಸಿಲು ಕಾಯುತ್ತ ನಿಂತದ್ದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು.

ಬರೆದದ್ದಾದರೂ ಸರಿಯಾಗಿರುತ್ತಿತ್ತೇ? ಇಡೀ ಬಳ್ಳಾರಿಯಲ್ಲಿ, ತಪ್ಪೆಂದು ಚೆನ್ನಾಗಿ ಗೊತ್ತಿದ್ದೂ ತಪ್ಪು ಸುದ್ದಿಯನ್ನೇ ದುಂಡಗಿನ ಅಕ್ಷರದಲ್ಲಿ ಬರೆದು ಬೀದಿಗಿಡುತ್ತಿದ್ದ ಮನುಷ್ಯ ನಮ್ಮ ಮಾವ ಒಬ್ಬರೇ. ಬೇರೆಯವರೂ ತಪ್ಪು ಹೇಳುತ್ತಿದ್ದರು. ಆದರೆ ಅದು ತಪ್ಪೆಂದು ಅವರಿಗೆ ಗೊತ್ತಿರುತ್ತಿರಲಿಲ್ಲ.

ಮಾವನದು ಬಸ್ ನಿಲ್ದಾಣದ ದಾರಿಯಲ್ಲಿ ರೇಡಿಯೋ ರಿಪೇರಿ ಅಂಗಡಿ. ಪಕ್ಕದ ಗೂಡಿನಂಥ ಜಾಗದಲ್ಲಿ ನಾನು ಪ್ಯಾಂಟು ಹೊಲಿಸಿ ಮಾರುತ್ತಿದ್ದೆ. ಅಂಗಡಿಯನ್ನು ಅವರು ಶುರು ಮಾಡಿದ್ದು ಪಂಪಣ್ಣ ಎಂಬ ಗೆಳೆಯನ ಜೊತೆ. ಇಬ್ಬರೂ ಕೈ ಪಳಗಿಸಿಕೊಂಡದ್ದು ವಾಲ್ವು ರೇಡಿಯೋದ ಮೇಲೆ. ಒಳಗೆ ಗಾಜಿನ ಬುಡ್ಡಿಗಳಿದ್ದು, ಗುಂಡಿ ತಿರುವಿದ ಮೇಲೆ ಅವು ಕಾದು ಕೆಂಪಗಾಗುವ ತನಕ ಉಸಿರೆತ್ತದ ಪೆಟ್ಟಿಗೆ ಅದು. ಆಮೇಲೆ ಟ್ರಾನ್ಸಿಸ್ಟರ್ ಬಂತು. ಗುಂಡಿ ತಿರುವಿದರೆ ತಕ್ಷಣ ಮಾತು, ಹೆಗಲಿಗೆ ಹಾಕಿಕೊಂಡು ಹೊಲಕ್ಕೂ ಹೋಗಬಹುದು.

"ವಾಲ್ವು ಎಲ್ಲಾ ಮಾರಿಬಿಡೂಣು, ಟ್ರಾನ್ಸಿಸ್ಟರ್ ತರೂಣು" ಎಂದ ಪಂಪಣ್ಣ.

"ಅದು ಎರಡು ವರ್ಷದ ಆಟ ಲೇ" ಎಂದರು ಮಾವ.

ಮಾತಿಗೆ ಮಾತು ಬೆಳೆಯಿತು. ಪಂಪಣ್ಣ ತನ್ನ ಸ್ಕ್ರೂಡ್ರೈವರ್, ಬೆಸುಗೆ ಕಡ್ಡಿ ಎತ್ತಿಕೊಂಡು ಹೆಂಡತಿಯ ಊರಾದ ಸಿರುಗುಪ್ಪಕ್ಕೆ ಹೋಗಿ ಬೇರೆ ಅಂಗಡಿ ಹಾಕಿದ. ಕರೆಯುವ ತನಕ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಪಂಪಣ್ಣನ ಆಣೆ. ಬರುವ ತನಕ ಕರೆಯುವುದಿಲ್ಲ ಎಂದು ಮಾವನ ಆಣೆ. ಇಂಥ ಎರಡು ಆಣೆ ಸೇರಿದರೆ ಯಾವ ವ್ಯಾಪಾರ ಕುದುರೀತು?

ಮಾವ ಊಟ ಬಿಟ್ಟರು. ಮನೆಗೆ ಬಂದವರ ಮುಂದೆ "ಪಂಪ ಇದ್ದಿದ್ರ ಹಿಂಗಂತಿದ್ದ" ಎನ್ನುವುದು, ತಕ್ಷಣ ಹಲ್ಲು ಕಚ್ಚುವುದು. ಕೊನೆಗೆ ನನ್ನಿಂದ ಹಲಗೆ ತರಿಸಿದರು. ಮೊದಲ ದಿನ ಬರೆದರು: 'ಟ್ರಾನ್ಸಿಸ್ಟರ್ ಕೇಳಿದರೆ ಕಿವಿ ಮಂದವಾಗುತ್ತದೆ.' ಕುರುಗೋಡು ಮೇಲೆ ಸಿರುಗುಪ್ಪಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಗಾದಿಲಿಂಗ ಅದನ್ನು ಓದಿ, ನಕ್ಕು, ಹೋಗಿ ಪಂಪಣ್ಣನಿಗೆ ಹೇಳಿದ. ಮರುದಿನ ಪಂಪಣ್ಣನ ಅಂಗಡಿಯ ಮುಂದೆಯೂ ಒಂದು ಹಲಗೆ. ಅದರಲ್ಲಿದ್ದದ್ದನ್ನು ಗಾದಿಲಿಂಗ ಬಾಯಿಪಾಠ ಮಾಡಿಕೊಂಡು ಬಂದು ನಮ್ಮ ಹಲಗೆಯ ಕೆಳಗಿನ ಅರ್ಧದಲ್ಲಿ ಬರೆದ: 'ತಪ್ಪು. ಕಿವಿ ಮಂದ ಆದವರಿಗೇ ವಾಲ್ವು ಬೇಕು.'

ಮಾವ ಅದನ್ನು ಓದಿ ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ಅಂದಿನಿಂದ ಹಿಡಿಯಿತು ನೋಡಿ ಈ ಹುಚ್ಚು. ಬೆಳಿಗ್ಗೆ ವಾರ್ತೆ ಕಿವಿಗೊಟ್ಟು ಕೇಳುವುದು, ಆಮೇಲೆ ಎದ್ದು ಬಂದು ಅದಕ್ಕೆ ಉಲ್ಟಾ ಬರೆಯುವುದು. ನಾನು ತಡೆಯಲಾರದೆ ಕೇಳಿದೆ.

"ಮಾವಾ, ಖರೇ ಸುದ್ದಿ ಬರದ್ರ ಏನು ನಷ್ಟ ಐತ್ರಿ?"

"ಸರಿ ಬರದ್ರ ಪಂಪ ಏನಂತಾನ?"

"ಏನೂ ಅನ್ನಂಗಿಲ್ಲ."

"ಮತ್ತ? ತಪ್ಪು ಕಂಡ್ರ ಅವ ಸುಮ್ಕಿರಂಗಿಲ್ಲಲೇ. ಸಣ್ಣವ ಇದ್ದಾಗಿಂದ ಹಂಗ ಅವ."

ಇದಾದ ಮೇಲೆ ನಾನು ತಪ್ಪಿನ ಬಗ್ಗೆ ಮಾತಾಡಲಿಲ್ಲ. ಖಾಲಿ ಜಾಗದ ಬಗ್ಗೆ ಮಾತ್ರ ಮಾತಾಡಿದೆ. ಸೋಪಿನ ಏಜೆಂಟೊಬ್ಬ ಕೆಳಗಿನ ಅರ್ಧಕ್ಕೆ ತಿಂಗಳ ಬಾಡಿಗೆ ಕೊಡಲು ತಯಾರಿದ್ದ. ಮಾವ ಅವನನ್ನು ಅಂಗಡಿಯ ಒಳಗೂ ಬಿಡಲಿಲ್ಲ. "ಅದು ಪಂಪನ ಜಾಗ" ಎಂದರು, ಯಾವುದೋ ಹೊಲದ ಪಹಣಿಯಲ್ಲಿ ಹೆಸರಿದ್ದವರಂತೆ.

ನಡುವಿನ ಕುರುಗೋಡಿನವರು ಸುಮ್ಮನಿರುತ್ತಾರೆಯೇ? ಬಸ್ಸು ಚಹಾಕ್ಕೆ ನಿಲ್ಲುವ ಹೋಟೆಲಿನವನು ತಾನೂ ಒಂದು ಹಲಗೆ ತೂಗುಹಾಕಿ, ಎರಡೂ ಕಡೆಯದನ್ನು ಬರೆಸಿ, ಚಹಾ ಕುಡಿಯುವವರಿಗೆ ಸೀಮೆಸುಣ್ಣ ಕೊಟ್ಟ. ಒಮ್ಮೆ ಮಾವ ಬರೆದರು: 'ಸೆಲ್ಲು ಹಾಕುವ ಕೈಗಡಿಯಾರ ಬಂದಿದೆ. ದಿನಾ ಕೀಲಿ ಕೊಡಬೇಕು.' ಪಂಪಣ್ಣನ ಉತ್ತರ: 'ತಪ್ಪು. ಸೆಲ್ಲು ಹಾಕಿದ ಮೇಲೆ ಕೀಲಿ ಯಾತಕ್ಕೆ?' ಅದರ ಕೆಳಗೆ ಕುರುಗೋಡಿನ ಒಬ್ಬ: 'ಬಳ್ಳಾರಿಯವರು ಹೇಳಿದ್ದೇ ಸರಿ.' ಇನ್ನೊಬ್ಬ: 'ನೀನು ಗಡಿಯಾರ ನೋಡೀಯೇನು?' ಮತ್ತೊಬ್ಬ: 'ಎಮ್ಮೆ ಮಾರಾಟಕ್ಕಿದೆ. ಹೋಟೆಲಿನಲ್ಲಿ ವಿಚಾರಿಸಿ.' ಗಾದಿಲಿಂಗ ನಿಷ್ಠಾವಂತ. ಎಮ್ಮೆಯನ್ನೂ ಬಿಡದೆ ನಮ್ಮ ಹಲಗೆಗೆ ಇಳಿಸಿದ. ಎಮ್ಮೆ ಮಾರಾಟವಾಯಿತು, ಗಡಿಯಾರದ ಜಗಳ ಮುಗಿಯಲಿಲ್ಲ.

ಚುನಾವಣೆಯ ಎಣಿಕೆಯ ದಿನ ಮಾವ, ಠೇವಣಿ ಕಳೆದುಕೊಂಡ ಒಬ್ಬ ಅಭ್ಯರ್ಥಿಯನ್ನು ಗೆಲ್ಲಿಸಿಬಿಟ್ಟರು. ಸುದ್ದಿ ನೋಡಿದವರು ಓಡಿಹೋಗಿ ಅವನ ಕೊರಳಿಗೆ ಹಾರ ಹಾಕಿದರಂತೆ. ಮಧ್ಯಾಹ್ನ ಅವನೇ ಬಂದ. ಹೊಡೆತ ಗ್ಯಾರಂಟಿ ಎಂದು ನಾನು ಅಳತೆಯ ಕೋಲು ಕೈಗೆ ತೆಗೆದುಕೊಂಡೆ.

"ನಾ ಸೋತೀನಂತ ನನಗ ಗೊತ್ತೈತ್ರೀ ಯಣ್ಣಾ" ಎಂದ ಅವನು, ದನಿ ತಗ್ಗಿಸಿ. "ಸಂಜೀತನ ಅಳಸಬ್ಯಾಡ್ರಿ. ಸಂಜಿ ಬಸ್ಸಿಗೆ ನಮ್ಮ ಅತ್ತಿ ಮನಿ ಮಂದಿ ಬರ್ತಾರ."

ಮಾವ ಅಳಿಸಲಿಲ್ಲ.

ಒಂದೇ ಒಂದು ಸಲ ನಾನು ಅವರ ಕೈ ಹಿಡಿದು ತಡೆದೆ. ಅವರು ಹತ್ತಿಯ ಧಾರಣೆಯನ್ನೂ ಉಲ್ಟಾ ಬರೆಯಲು ಶುರುಮಾಡಿದ್ದರು. ಆದೋನಿ ಕಡೆಯ ವ್ಯಾಪಾರಿಯೊಬ್ಬ "ಏಮಯ್ಯಾ ಇದಿ?" ಇದೇನಯ್ಯಾ ಎಂದು ತೆಲುಗಿನಲ್ಲಿ ಕೇಳುತ್ತ ಆಗಲೇ ಕಣ್ಣು ಕೆಂಪಗೆ ಮಾಡಿ ನಿಂತಿದ್ದ. "ಮಾವಾ, ಬಂಡಿ ಕಟ್ಟಿಕೊಂಡು ಬಂದೋರು ಇದನ್ನ ನಂಬಿ ಮಾರ್ತಾರ್ರಿ. ಮಂದಿ ಹೊಟ್ಟಿ ಮ್ಯಾಲ ಆಟ ಬ್ಯಾಡ" ಎಂದೆ. ಅವರು ಸೀಮೆಸುಣ್ಣ ಕೆಳಗಿಟ್ಟರು. ಆಮೇಲೆ ಧಾರಣೆಯೊಂದನ್ನು ಮಾತ್ರ ಅವರು ಬರೆಯಲೇ ಇಲ್ಲ. ಸರಿಯಾದ ಧಾರಣೆ ಬರೆಯಲು ಮನಸ್ಸಿರಲಿಲ್ಲ, ಪಾಪ.

ಹೀಗೆ ವರ್ಷಗಳು ಕಳೆದವು. ನನ್ನ ಒಂದು ಹೊಲಿಗೆ ಯಂತ್ರ ಆರಾಯಿತು. ಟೀವಿಯ ಸುದ್ದಿ ಶುರುವಾಗಿತ್ತು. ಪಂಪಣ್ಣ ಟ್ರಾನ್ಸಿಸ್ಟರ್ ಮಾರಿಯೇ ಮನೆ ಕಟ್ಟಿಸಿದ್ದ. ಮಾವನ ಅಂಗಡಿಗೆ ವಾಲ್ವು ರೇಡಿಯೋ ತರುವವರು ನಿಂತೇಹೋಗಿದ್ದರು. ಅವರಿಗೆ ಉಳಿದದ್ದು ಹಲಗೆಯೊಂದೇ.

ಒಂದು ದಿನ ಗಾದಿಲಿಂಗ ಬಸ್ಸಿನಿಂದ ಇಳಿದು ಬರಿಗೈ ತೋರಿಸಿದ. "ಅಲ್ಲಿ ಹಲಗಿ ಒರಸೈತ್ರಿ. ಅಂಗಡ್ಯಾಗ ಮಗ ಕುಂತಾನ. ಕೇಳಿದ್ರ, ಅಪ್ಪ ಮನಿಯಾಗ ಅದಾನ ಅಂತಾನ, ಮುಂದ ಮಾತಿಲ್ಲ."

ಮಾವ ತಪ್ಪನ್ನು ದೊಡ್ಡದು ಮಾಡಿದರು. ಆಕಾಶಕ್ಕೆ ಬಿಟ್ಟ ಉಪಗ್ರಹ ರೂಪನಗುಡಿಯ ಹೊಲದಲ್ಲಿ ಬಿದ್ದಿದೆ ಎಂದು ಬರೆದರು. ರೂಪನಗುಡಿಯಿಂದ ಇಬ್ಬರು ಬಂದು, "ಯಾರ ಹೊಲ ಅಂತ ಬರೀರಿ, ಅಲ್ಲಿ ಬಡಿದಾಟ ನಡದೈತಿ" ಎಂದರು. ಸಿರುಗುಪ್ಪದಿಂದ ಮಾತ್ರ ಏನೂ ಬರಲಿಲ್ಲ. ಬಸ್ಸಿನ ಹಾರ್ನು ಕೇಳಿದೊಡನೆ ಮಾವ ಕನ್ನಡಕ ಒರೆಸಿಕೊಳ್ಳುವರು. ಬಸ್ಸು ಹೋದ ಮೇಲೆ, ಏನೂ ಬರೆಯದ ಕೆಳಗಿನ ಅರ್ಧವನ್ನು ಒದ್ದೆ ಬಟ್ಟೆಯಿಂದ ಒರೆಸುವರು.

"ನೀವ ಬಸ್ಸು ಹತ್ತ್ರಿ ಮಾವಾ" ಎಂದೆ. "ಆಣಿ ಹಾಕಿದೋರ್ನ ಯಾರೂ ಜೈಲಿಗೆ ಹಾಕಂಗಿಲ್ಲ."

"ಹೋದ ಮ್ಯಾಲ ಅವ ಒಳಗ ಬಾ ಅನ್ನಲಿಲ್ಲಂದ್ರ?"



ಮರುದಿನ ಅವರು ಬರೆದರು: 'ವಾಲ್ವು ಸೋತಿತು. ಪಂಪಣ್ಣ ಹೇಳಿದ್ದೇ ಸರಿ.'

"ಇದೂ ಸುಳ್ಳೇನ್ರಿ?"

"ಇದು ಖರೆ ಲೇ. ಅಂದಮ್ಯಾಲ ಇದಕ್ಕ ಅವ ಏನೂ ಅನ್ನಂಗಿಲ್ಲ" ಎಂದು ಸೀಮೆಸುಣ್ಣದ ಡಬ್ಬಿಯನ್ನು ಒಳಗಿಟ್ಟರು.

ಅದರ ಮರುದಿನ ಬಸ್ಸು ನಿಂತಾಗ ಗಾದಿಲಿಂಗ ಹಲಗೆಯ ಕಡೆ ಬರಲಿಲ್ಲ. ಬಾಗಿಲಲ್ಲಿ ನಿಂತು ಯಾರಿಗೋ ತೋಳು ಕೊಟ್ಟ. ಇಳಿದವನು ಪಂಪಣ್ಣ. ಬಲಗೈ ಜೋತುಬಿದ್ದಿತ್ತು. ಹಲಗೆಯ ಮುಂದೆ ಬಂದು ನಿಂತು ನಿಧಾನವಾಗಿ ಓದಿದ.

"ತಪ್ಪು" ಎಂದ.

"ಯಾವುದಲೇ ತಪ್ಪು?" ಎನ್ನುತ್ತ ಮಾವ ಅಂಗಡಿಯಿಂದ ಹೊರಗೆ ಬಂದರು.

"ಟ್ರಾನ್ಸಿಸ್ಟರ್ ಗೆದ್ದೈತಿ, ಖರೆ. ಆದ್ರ ವಾಲ್ವಿನ ದನಿ ಅದಕ್ಕ ಎಲ್ಲೈತಿ? ಸೋತಿತು ಅಂತ ನೀ ಹೆಂಗ ಬರೀತಿ? ಬರದು ಕಳಸೂಣಂದ್ರ ಕೈ ಬಿದ್ದೈತಿ. ಅದಕ್ಕ ನಾನ ಬಂದೆ."

"ಗಾದಿಲಿಂಗನ ಕೂಡ ಹೇಳಿ ಕಳಿಸಬೇಕಿಲ್ಲೇನು?"

"ಇಂಥದನ್ನ ಕಂಡಕ್ಟರ್ ಕೂಡ ಹೇಳಿ ಕಳಸ್ತಾರೇನಲೇ?"

ಮಾವ ಅವನನ್ನು ಒಳಗೆ ಬಾ ಎನ್ನಲಿಲ್ಲ. ಎಡಗೈ ಹಿಡಿದು ಕರೆದುಕೊಂಡೇ ಬಂದರು. ಹಳೆಯ ವಾಲ್ವು ರೇಡಿಯೋದ ಗುಂಡಿ ತಿರುವಿದರು. ಅದು ಕಾಯಬೇಕಲ್ಲ, ಇಬ್ಬರೂ ಅದರ ಮುಂದೆ ಕೂತರು. ಬುಡ್ಡಿಗಳು ಮೆಲ್ಲಗೆ ಕೆಂಪಾದವು. ಕೊನೆಗೆ ದನಿ ಬಂತು: ಶೇಂಗಾ, ಹತ್ತಿ, ಕುಸುಬಿಯ ಧಾರಣೆ. ಇಬ್ಬರೂ ಅದನ್ನು ಸಂಗೀತ ಕಚೇರಿ ಕೇಳುವವರಂತೆ ಕಣ್ಣುಮುಚ್ಚಿ ಕೇಳಿದರು.

ಆಮೇಲೆ ಪಂಪಣ್ಣ ಮನಸ್ಸಾದಾಗಲೆಲ್ಲ ಬಸ್ಸು ಹತ್ತಿ ಬರುತ್ತಿದ್ದ. ಬಂದವನು ಒಳಗೆ ಕಾಲಿಡುವ ಮುಂಚೆ ಹಲಗೆಯ ಕೆಳಗಿನ ಅರ್ಧದಲ್ಲಿ, ಸಣ್ಣ ಮಗುವಿನಂತೆ ಎಡಗೈಯಲ್ಲಿ ಸೊಟ್ಟಸೊಟ್ಟಗೆ 'ತಪ್ಪು' ಎಂದು ಬರೆಯುತ್ತಿದ್ದ. ಎಷ್ಟೋ ಸಲ ಮಾವ ಸರಿಯಾದುದನ್ನೇ ಬರೆದಿದ್ದರೂ.

ಈಗ ಇಬ್ಬರೂ ಇಲ್ಲ. ಗಾದಿಲಿಂಗನ ಬಸ್ಸಿನ ದಾರಿಯೂ ಬದಲಾಗಿದೆ. ಹಲಗೆ ನನ್ನ ಅಂಗಡಿಯ ಮುಂದಿದೆ. ಮೇಲಿನ ಅರ್ಧದಲ್ಲಿ ಪ್ಯಾಂಟಿನ ದರ ಬರೆಯುತ್ತೇನೆ. ಕೆಳಗಿನ ಅರ್ಧಕ್ಕೆ ಎಷ್ಟೋ ಜನ ಬಾಡಿಗೆ ಕೇಳಿದ್ದಾರೆ, ಒಳ್ಳೆಯ ದರಕ್ಕೇ. ಸಂಜೆಯ ಬಸ್ಸಿನ ಹಾರ್ನಿಗೆ ನಾನೂ ಒಮ್ಮೆ ಆ ಕಡೆ ಕತ್ತೆತ್ತುತ್ತೇನೆ.

ನೀವು ಹಲಗೆ ಕೊಳ್ಳುವುದಿದ್ದರೆ ದೊಡ್ಡದನ್ನೇ ಕೊಳ್ಳಿ. ಚೌಕಟ್ಟಿನ ಗಂಟು ನೋಡಿ, ಚೌಕಾಸಿ ಮಾಡಿ, ರಸ್ತೆ ದಾಟುವ ತನಕ ದರಕ್ಕೆ ಒಪ್ಪಬೇಡಿ. ಬರೆಯುವಾಗ ಅರ್ಧ ಬಿಟ್ಟು ಬರೆಯಿರಿ. ಇನ್ನೊಂದು ಮಾತು. ಪಂಪಣ್ಣ ಬಂದುಹೋದ ಮರುದಿನವೇ ಮಾವ ಸೀಮೆಸುಣ್ಣದ ಡಬ್ಬಿಯನ್ನು ಹೊರತಂದು ಹಲಗೆಯ ಎಡಬದಿಗೆ ಮೊಳೆ ಹೊಡೆದು ಕೂರಿಸಿದ್ದರು. ನೀವೂ ಡಬ್ಬಿಯನ್ನು ನಿಮ್ಮ ಕೈಗೆ ಎಟುಕುವ ಕಡೆ ಹೊಡೆಯಬೇಡಿ. ಉತ್ತರ ಬರೆಯಬೇಕಾದವರ ಕೈ ಯಾವುದೆಂದು ಮೊದಲು ನೋಡಿಕೊಳ್ಳಿ.